ಎಸ್‌ಇವಿ-ಎಸ್‌ಎನ್‌ಪಿ (ವರ್ಚುವಲ್ ಯಂತ್ರದ, ಅಂದರೆ ವಿಎಂನ, ಮೆಮೊರಿಯನ್ನು ಹೋಸ್ಟ್‌ನಿಂದಲೂ ಕಾಪಾಡುವ ಎಎಂಡಿ ಸೌಲಭ್ಯ) ಹೋಸ್ಟ್‌ನಲ್ಲಿ, ಅಂದರೆ ವಿಎಂ ನಡೆಸುವ ಯಂತ್ರದಲ್ಲಿ, ಏಳುತ್ತಿಲ್ಲ. ಗೆಸ್ಟ್ ಅನ್ನು (ಒಳಗೆ ನಡೆಯುವ ವಿಎಂ) ವಿಎಂಪಿಎಲ್ 2ರಲ್ಲಿ (ವಿಎಂಪಿಎಲ್ ಎಂದರೆ ವಿಎಂನೊಳಗಿನ ಅಧಿಕಾರದ ಸ್ತರ) ನಡೆಸಬೇಕಿದೆ, ಕರ್ನೆಲ್ ಕಾನ್ಫಿಗ್‌ನಲ್ಲಿ ಏನು ಬಿಟ್ಟುಹೋಗಿದೆ?

ತುಂಗಾತೀರ ಬರೆದದ್ದು:

ಮಾನ್ಯರೇ, ಮೂರು ರಾತ್ರಿಗಳಿಂದ ಇದೇ ಕೆಲಸದಲ್ಲಿ ಮುಳುಗಿದ್ದೇನೆ, ಕರ್ನೆಲ್ ಅನ್ನು ಹನ್ನೊಂದು ಸಲ ಕಂಪೈಲ್ ಮಾಡಿದ್ದೇನೆ, ಆದರೂ ಫಲ ಸೊನ್ನೆ. ಎಎಂಡಿ ಎಪಿಕ್ 7313ಪಿ, 128 ಜಿಬಿ ಮೆಮೊರಿ ಇರುವ ಯಂತ್ರ ನನ್ನದು. ಕೊಕೊನಟ್-ಎಸ್‌ವಿಎಸ್‌ಎಂ ಅನ್ನು (ವಿಎಂನೊಳಗೇ ಮೇಲಿನ ಅಧಿಕಾರದಲ್ಲಿ ಕುಳಿತು ಗೆಸ್ಟ್‌ಗೆ ಸೇವೆ ಒದಗಿಸುವ ಪುಟ್ಟ ತಂತ್ರಾಂಶ) ವಿಎಂಪಿಎಲ್ 0ರಲ್ಲಿ ಕೂರಿಸಿ, ಅದರ ಆಶ್ರಯದಲ್ಲಿ ಗೆಸ್ಟ್ ಕರ್ನೆಲ್ ಅನ್ನು ವಿಎಂಪಿಎಲ್ 2ರಲ್ಲಿ ನಡೆಸಿ, ಕೊನೆಗೆ ಗೆಸ್ಟ್‌ನ ಡಿಸ್ಕ್ ಬೀಗದ ಕೀಲಿಯನ್ನು ಎಸ್‌ವಿಎಸ್‌ಎಂ ಒದಗಿಸುವ ವಿಟಿಪಿಎಂನೊಳಗೆ (ಕೀಲಿ ಕಾಯುವ ಟಿಪಿಎಂ ಚಿಪ್‌ನ ತಂತ್ರಾಂಶ ರೂಪ) ಇಡಬೇಕೆಂಬುದು ನನ್ನ ಉದ್ದೇಶ. ಆದರೆ ಮೊದಲ ಮೆಟ್ಟಿಲೇ ದಾಟುತ್ತಿಲ್ಲ.

ಹೋಸ್ಟ್ ಕರ್ನೆಲ್ 6.12, ಮೂಲದಿಂದ ನಾನೇ ಕಟ್ಟಿದ್ದು. ಎಎಂಡಿ_ಮೆಮ್_ಎನ್‌ಕ್ರಿಪ್ಟ್ ವೈ (ಕರ್ನೆಲ್‌ನೊಳಗೇ), ಕೆವಿಎಂ_ಎಎಂಡಿ ಎಂ (ಮಾಡ್ಯೂಲ್ ಆಗಿ), ಕೆವಿಎಂ_ಎಎಂಡಿ_ಎಸ್‌ಇವಿ ವೈ, ಸಿಸಿಪಿ ಚಾಲಕ ಎಂ, ಪಿಎಸ್‌ಪಿ (ಎಎಂಡಿ ಸಿಪಿಯುವಿನೊಳಗಿನ ಭದ್ರತಾ ಪ್ರೊಸೆಸರ್) ಬೆಂಬಲ ವೈ. ಇಷ್ಟಿದ್ದರೂ ಕೆವಿಎಂ_ಎಎಂಡಿ ಮಾಡ್ಯೂಲಿನ ಪ್ಯಾರಾಮೀಟರ್‌ಗಳಲ್ಲಿ ಎಸ್‌ಇವಿ_ಎಸ್‌ಎನ್‌ಪಿ ಎಂಬ ಕಡತವನ್ನು ಓದಿದರೆ ‘ಎನ್’ ಎಂದೇ ಬರುತ್ತದೆ. ಇದರ ಹಿಂದಿನ ಹಂತಗಳಾದ ಎಸ್‌ಇವಿ ಮತ್ತು ಎಸ್‌ಇವಿ-ಇಎಸ್ ಎರಡಕ್ಕೂ ‘ವೈ’ ಇದೆ. ವಿಎಂ ಆರಂಭಿಸುವ ಕ್ಯೂಎಮು ಕೂಡ ಈ ಬಗೆಯ ವಿಎಂಗೆ ಕೆವಿಎಂ (ವಿಎಂ ನಡೆಸುವ ಕರ್ನೆಲ್ ಭಾಗ) ಬೆಂಬಲವಿಲ್ಲ ಎಂದು ಹೇಳಿ ನಿಂತುಬಿಡುತ್ತದೆ. ಡಿಮೆಸೇಜ್‌ನಲ್ಲಿ (ಕರ್ನೆಲ್‌ನ ಲಾಗ್) ‘ಎಸ್‌ಇವಿ’ ಎಂದು ಹುಡುಕಿದರೆ ದೋಷದ ಸಾಲು ಒಂದೂ ಇಲ್ಲ, ಎಸ್‌ಇವಿ-ಎಸ್‌ಎನ್‌ಪಿ ‘ಡಿಸೇಬಲ್ಡ್’ ಎಂಬ ಸಾಲೊಂದನ್ನು ಬಿಟ್ಟು. ಉಳಿದದ್ದೆಲ್ಲ ಮಾಮೂಲಿ. ಕಾನ್ಫಿಗ್‌ನಲ್ಲಿ ಯಾವ ಆಯ್ಕೆಯನ್ನು ಬಿಟ್ಟಿದ್ದೇನೆ ಎಂದು ಯಾರಾದರೂ ದಯವಿಟ್ಟು ತಿಳಿಸಿರಿ.

ಫರ್ಮ್‌ವೇರ್ ಮೊದಲು ಬರೆದದ್ದು:

ತುಂಗಾತೀರ ಅವರೇ, ಕರ್ನೆಲ್ ಅನ್ನು ಹನ್ನೊಂದು ಸಲ ಕಟ್ಟುವ ಬದಲು ಬಯಾಸ್ ಅನ್ನು ಒಂದು ಸಲ ತೆರೆದು ನೋಡಿದ್ದರೆ ಸಾಕಿತ್ತು. ಎಸ್‌ಎನ್‌ಪಿಗೆ ಆರ್‌ಎಂಪಿ ಎಂಬ ಕೋಷ್ಟಕ ಬೇಕು. ಪ್ರತಿ 4 ಕೆಬಿ ಪುಟಕ್ಕೂ ಅದರಲ್ಲಿ 16 ಬೈಟ್‌ಗಳ ಒಂದು ನಮೂದು ಇರುತ್ತದೆ. ಆ ಪುಟ ಯಾವ ಗೆಸ್ಟ್‌ಗೆ ಸೇರಿದ್ದು, ವಿಎಂಪಿಎಲ್ 0ರಿಂದ 3ರವರೆಗಿನ ಯಾವ ಸ್ತರಕ್ಕೆ ಅದರ ಮೇಲೆ ಯಾವ ಹಕ್ಕಿದೆ ಎಂಬುದು ಅಲ್ಲಿಯೇ ದಾಖಲಾಗುತ್ತದೆ. ಈ ಕೋಷ್ಟಕಕ್ಕೆ ಜಾಗವನ್ನು ಕಾದಿರಿಸುವುದು ಬಯಾಸ್, ಕರ್ನೆಲ್ ಅಲ್ಲ. ಲೆಕ್ಕ ಹಾಕಿದರೆ ಮೆಮೊರಿಯ 256ನೆಯ ಒಂದು ಭಾಗ, ಅಂದರೆ ನಿಮ್ಮ 128 ಜಿಬಿಗೆ ಸುಮಾರು 512 ಎಂಬಿ ಅದಕ್ಕೇ ಹೋಗಬೇಕು. ಎಸ್‌ಎಂಇಇ (ಮೆಮೊರಿ ಗೂಢಲಿಪೀಕರಣದ ಸ್ವಿಚ್), ಎಸ್‌ಇವಿ-ಇಎಸ್‌ನ ಎಎಸ್‌ಐಡಿ (ಗೆಸ್ಟ್‌ಗಳಿಗೆ ಕೊಡುವ ಗುರುತು ಸಂಖ್ಯೆ) ಮಿತಿ, ಎಸ್‌ಎನ್‌ಪಿ ಬೆಂಬಲ, ಆರ್‌ಎಂಪಿ ವ್ಯಾಪ್ತಿ, ಈ ನಾಲ್ಕನ್ನೂ ನೋಡಿರಿ. ನೂರಕ್ಕೆ ತೊಂಬತ್ತು ಪ್ರಕರಣಗಳಲ್ಲಿ ತಪ್ಪು ಇರುವುದು ಇಲ್ಲಿಯೇ.

ತುಂಗಾತೀರ ಬರೆದದ್ದು:

ನಾಲ್ಕನ್ನೂ ಮೊದಲ ದಿನವೇ ಹಾಕಿದ್ದೇನೆ. ಎಎಸ್‌ಐಡಿ ಮಿತಿಯನ್ನು 100 ಎಂದು ಕೊಟ್ಟಿದ್ದೇನೆ. ಹಾಗಾಗಿ 1ರಿಂದ 99ರವರೆಗಿನವು ಎಸ್‌ಇವಿ-ಇಎಸ್ ಮತ್ತು ಎಸ್‌ಎನ್‌ಪಿಗೆ, ಉಳಿದವು ಹಳೆಯ ಎಸ್‌ಇವಿಗೆ ಹೋಗಿವೆ. ಇದನ್ನು ಮತ್ತೆ ಮತ್ತೆ ಹೇಳಬೇಕಾಗುತ್ತದೆಂದು ನಾನು ಎಣಿಸಿರಲಿಲ್ಲ.

ಫರ್ಮ್‌ವೇರ್ ಮೊದಲು ಬರೆದದ್ದು:

ಹಾಗಾದರೆ ಪಿಎಸ್‌ಪಿ ಫರ್ಮ್‌ವೇರ್ ಹಳೆಯದಿರಬೇಕು. ಎಸ್‌ಎನ್‌ಪಿಗೆ ಕನಿಷ್ಠ 1.51ನೆಯ ಆವೃತ್ತಿಯ ಫರ್ಮ್‌ವೇರ್ ಬೇಕೆಂದು ಕರ್ನೆಲ್‌ನ ಸಿಸಿಪಿ ಚಾಲಕದಲ್ಲಿಯೇ ಬರೆದಿದೆ. ಬಯಾಸ್ ಅನ್ನು ಹೊಸದಕ್ಕೆ ಏರಿಸಿರಿ. ನನ್ನ ಹಿಂದಿನ ಮದರ್‌ಬೋರ್ಡ್‌ನಲ್ಲಿ ಮೆನುವಿನಲ್ಲಿ ಎಸ್‌ಎನ್‌ಪಿ ‘ಎನೇಬಲ್ಡ್’ ಎಂದು ಕಾಣುತ್ತಿತ್ತು, ಆದರೆ ಒಳಗೆ ಆರ್‌ಎಂಪಿಗೆ ಒಂದು ಬೈಟ್ ಜಾಗವನ್ನೂ ಕಾದಿರಿಸಿರಲಿಲ್ಲ. ಮೆನು ಹೇಳಿದ್ದನ್ನು ನಂಬಬಾರದು.

ಹುಬ್ಬಳ್ಳಿ ರ‍್ಯಾಕ್ ಬರೆದದ್ದು:

ಫರ್ಮ್‌ವೇರ್ ಮೊದಲು ಅವರ ಲೆಕ್ಕ ಸರಿಯಾಗಿದೆ. ನಮ್ಮ ಮನೆಯ ರ‍್ಯಾಕ್‌ನಲ್ಲಿ ಎರಡು ಎಪಿಕ್ 9354 ಇರುವ ಯಂತ್ರವಿದೆ, 512 ಜಿಬಿ ಮೆಮೊರಿ. ಆರ್‌ಎಂಪಿಗೆ 2 ಜಿಬಿ ಹೋದರೂ ನಮಗೆ ಗೊತ್ತೇ ಆಗುವುದಿಲ್ಲ. ಅದರ ಪಕ್ಕದಲ್ಲಿ ಹಳೆಯ ಮಿಲಾನ್ (ಎಪಿಕ್‌ನ ಹಿಂದಿನ ಪೀಳಿಗೆ) ಯಂತ್ರವೊಂದನ್ನು ಪ್ರಯೋಗಕ್ಕೆಂದೇ ಇಟ್ಟುಕೊಂಡಿದ್ದೇನೆ. ಅದರಲ್ಲಿ ಫೆಡೋರಾ 41 ಹಾಕಿದ ದಿನವೇ ಎಸ್‌ಎನ್‌ಪಿ ಹೋಸ್ಟ್ ತಾನಾಗಿಯೇ ಎದ್ದಿತು, ಕಾನ್ಫಿಗ್ ಮುಟ್ಟಬೇಕಾಗಿಯೂ ಬರಲಿಲ್ಲ. ಕೈಯಿಂದ ಕರ್ನೆಲ್ ಕಟ್ಟುವ ಕಾಲ ಮುಗಿಯಿತು ಎಂದೇ ನನ್ನ ಅಭಿಪ್ರಾಯ.

ತುಂಗಾತೀರ ಬರೆದದ್ದು:

ಹುಬ್ಬಳ್ಳಿಯವರಿಗೆ ಅಭಿನಂದನೆಗಳು. ನನ್ನ ಬಳಿ ಇರುವುದು ಒಂದೇ ಯಂತ್ರ.

ಬಯಾಸ್ ಏರಿಸಿದೆ. ಈಗ ಫರ್ಮ್‌ವೇರ್ 1.55 ಎಂದು ತೋರಿಸುತ್ತಿದೆ. ಏರಿಸಿದ ಮೇಲೆ ಹಳೆಯ ಸೆಟ್ಟಿಂಗ್‌ಗಳೆಲ್ಲ ಅಳಿಸಿಹೋಗಿ, ನಾಲ್ಕನ್ನೂ ಮತ್ತೆ ಹಾಕಬೇಕಾಯಿತು. ಆ ಕಡತದಲ್ಲಿ ಇನ್ನೂ ‘ಎನ್’ ಇದೆ.

ಫರ್ಮ್‌ವೇರ್ ಮೊದಲು ಬರೆದದ್ದು:

ಆರ್‌ಎಂಪಿ ವ್ಯಾಪ್ತಿಯನ್ನು ‘ಆಟೊ’ಗೆ ಬಿಡದೆ ‘ಕಸ್ಟಮ್’ ಮಾಡಿ, ಮೆಮೊರಿಯ ಗಾತ್ರವನ್ನು ಕೈಯಿಂದ ತುಂಬಿ ನೋಡಿರಿ. ಅದಾಗದಿದ್ದರೆ ಮೆಮೊರಿ ಕಡ್ಡಿಗಳಲ್ಲಿ ಅರ್ಧವನ್ನು ತೆಗೆದು ಒಮ್ಮೆ ಬೂಟ್ ಮಾಡಿರಿ.

ಕೆಳಮಹಡಿ ಬರೆದದ್ದು:

ಕಡ್ಡಿಗಳನ್ನು ಕೀಳುವ ಮೊದಲು ಒಂದು ನಿಮಿಷ ನಿಲ್ಲಿರಿ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವಂತೆ ಆಗುತ್ತಿದೆ ಈ ಚರ್ಚೆ. ತುಂಗಾತೀರ ಅವರ ಮೊದಲ ಸಂದೇಶದಲ್ಲಿಯೇ ಉತ್ತರದ ಅರ್ಧ ಭಾಗವಿದೆ.

6.12ರಲ್ಲಿ ಬೂಟ್ ಆಗುವಾಗ ಕರ್ನೆಲ್ ಮೊದಲು ಆರ್‌ಎಂಪಿ ಕೋಷ್ಟಕವನ್ನು ಹುಡುಕುತ್ತದೆ. ಬಯಾಸ್ ಜಾಗ ಕಾದಿರಿಸದಿದ್ದರೆ, ಅಥವಾ ಕಾದಿರಿಸಿದ ಜಾಗ ಇಡೀ ಮೆಮೊರಿಗೆ ಸಾಲದಿದ್ದರೆ, ಅದು ಆ ಸಂಗತಿಯನ್ನು ಲಾಗ್‌ನಲ್ಲಿ ಸ್ಪಷ್ಟವಾಗಿ ಬರೆದು, ಎಸ್‌ಇವಿ_ಎಸ್‌ಎನ್‌ಪಿ ಎಂಬ ಗುರುತನ್ನೇ ಸಿಪಿಯುವಿನ ಸಾಮರ್ಥ್ಯಗಳ ಪಟ್ಟಿಯಿಂದ ಅಳಿಸಿಬಿಡುತ್ತದೆ. ಕೆವಿಎಂ ಆಮೇಲೆ ‘ಎಸ್‌ಇವಿ-ಎಸ್‌ಎನ್‌ಪಿ ಎನೇಬಲ್ಡ್’ ಅಥವಾ ‘ಡಿಸೇಬಲ್ಡ್’ ಎಂಬ ಸಾಲನ್ನು ಬರೆಯುವುದು ಆ ಗುರುತು ಉಳಿದಿದ್ದರೆ ಮಾತ್ರ. ಇವರಿಗೆ ‘ಡಿಸೇಬಲ್ಡ್’ ಎಂಬ ಸಾಲು ಬಂದಿದೆಯಲ್ಲ, ಅದರ ಅರ್ಥ ಗುರುತು ಅಳಿದಿಲ್ಲ, ಆರ್‌ಎಂಪಿ ಸಿಕ್ಕಿದೆ, ಬಯಾಸ್ ತನ್ನ ಪಾಲಿನ ಕೆಲಸ ಮುಗಿಸಿದೆ ಎಂದು. ಅದಾದ ನಂತರ ಯಾರೋ ಎಸ್‌ಎನ್‌ಪಿಯನ್ನು ನಿಷ್ಕ್ರಿಯಗೊಳಿಸಿದ್ದಾರೆ. ಆ ಸ್ಥಾನದಲ್ಲಿ ನಿಂತು ಅದನ್ನು ನಿಷ್ಕ್ರಿಯಗೊಳಿಸುವ ಅಧಿಕಾರ ಮುಖ್ಯವಾಗಿ ಐಒಎಂಎಂಯು (ಸಾಧನಗಳು ಮೆಮೊರಿ ಮುಟ್ಟುವುದನ್ನು ನಿಯಂತ್ರಿಸುವ ಘಟಕ) ಚಾಲಕಕ್ಕಿದೆ.

ಆದ್ದರಿಂದ ಎರಡು ವಿಷಯಗಳು ಬೇಕು. ಒಂದು, ಡಿಮೆಸೇಜ್‌ನಲ್ಲಿ ‘ಎಸ್‌ಇವಿ’ ಎಂದಲ್ಲ, ‘ಎಸ್‌ಎನ್‌ಪಿ’ ಎಂದು ಹುಡುಕಿರಿ. ಎರಡು, ಕರ್ನೆಲ್‌ನ ಪೂರ್ಣ ಕಮಾಂಡ್ ಲೈನ್ ಅನ್ನು ಇಲ್ಲಿ ಹಾಕಿರಿ. ‘ಉಳಿದದ್ದೆಲ್ಲ ಮಾಮೂಲಿ’ ಎಂದು ಬರೆದಿದ್ದೀರಿ. ಆ ಮಾಮೂಲಿಯೇ ನನಗೆ ನೋಡಬೇಕಾಗಿದೆ.

ತುಂಗಾತೀರ ಬರೆದದ್ದು:

ನಾಚಿಕೆಯಾಗುತ್ತಿದೆ, ಆದರೂ ಬರೆಯುತ್ತೇನೆ. ‘ಎಸ್‌ಎನ್‌ಪಿ’ ಎಂದು ಹುಡುಕಿದಾಗ ಎಎಂಡಿ-ವಿಐ ಎಂದು ಆರಂಭವಾಗುವ ಸಾಲೊಂದು ಸಿಕ್ಕಿತು: ಐಒಎಂಎಂಯು ನಿಷ್ಕ್ರಿಯವಾಗಿದೆ ಅಥವಾ ಪಾಸ್‌ಥ್ರೂ ವಿಧಾನದಲ್ಲಿದೆ, ಎಸ್‌ಎನ್‌ಪಿಯನ್ನು ಬೆಂಬಲಿಸಲಾಗದು ಎಂಬ ಅರ್ಥದ ಎಚ್ಚರಿಕೆ. ಆ ಸಾಲಿನಲ್ಲಿ ‘ಎಸ್‌ಇವಿ’ ಎಂಬ ಮೂರು ಅಕ್ಷರಗಳು ಎಲ್ಲಿಯೂ ಇಲ್ಲ. ಮೂರು ರಾತ್ರಿ ನನ್ನ ಕಣ್ಣಿಗೆ ಬೀಳದೆ ಉಳಿದದ್ದು ಅದಕ್ಕೇ.

ಕಮಾಂಡ್ ಲೈನ್‌ನಲ್ಲಿ ಐಒಎಂಎಂಯು=ಪಿಟಿ (ಪಿಟಿ ಎಂದರೆ ಪಾಸ್‌ಥ್ರೂ) ಇದೆ. ನಾಲ್ಕು ವರ್ಷಗಳ ಹಿಂದೆ ಇನ್ನೊಂದು ಯಂತ್ರದಲ್ಲಿ ಗ್ರಾಫಿಕ್ಸ್ ಕಾರ್ಡ್ ಅನ್ನು ವಿಎಂಗೆ ಕೊಡಲು ಹಾಕಿದ್ದು. ಗ್ರಬ್ (ಬೂಟ್ ಲೋಡರ್) ಕಡತವನ್ನು ಯಂತ್ರದಿಂದ ಯಂತ್ರಕ್ಕೆ ನಕಲು ಮಾಡುತ್ತ ಬಂದಿದ್ದೇನೆ. ಅದಕ್ಕೂ ಮೆಮೊರಿ ಗೂಢಲಿಪೀಕರಣಕ್ಕೂ ಸಂಬಂಧವಿರಬಹುದೆಂದು ಕನಸಿನಲ್ಲಿಯೂ ಹೊಳೆದಿರಲಿಲ್ಲ.

ಅದನ್ನು ತೆಗೆದು ರೀಬೂಟ್ ಮಾಡಿದೆ. ಆದರೆ ಕೇಳಿರಿ: ಇನ್ನೂ ‘ಎನ್’! ಎಚ್ಚರಿಕೆಯ ಸಾಲೂ ಹಾಗೆಯೇ ಇದೆ.

ಫರ್ಮ್‌ವೇರ್ ಮೊದಲು ಬರೆದದ್ದು:

ನೋಡಿದಿರಾ, ಐಒಎಂಎಂಯು ವಾದವೂ ಬಿದ್ದುಹೋಯಿತು. ಬಯಾಸ್‌ನಲ್ಲಿ ಐಒಎಂಎಂಯು ‘ಆಟೊ’ ಎಂದಿದ್ದರೆ ಅದನ್ನು ‘ಎನೇಬಲ್ಡ್’ ಮಾಡಿರಿ.

ಚಿತ್ರಪಟ ಬರೆದದ್ದು:

ಐಒಎಂಎಂಯು=ಪಿಟಿ ತೆಗೆದರೆ ನಿಮ್ಮ ಗ್ರಾಫಿಕ್ಸ್ ಕಾರ್ಡ್ ಪಾಸ್‌ಥ್ರೂ ಕೆಲಸ ಮಾಡುವುದಿಲ್ಲ ಎಂಬುದನ್ನು ಯಾರೂ ಹೇಳುತ್ತಿಲ್ಲ. ವಿಎಫ್‌ಐಒ (ಸಾಧನವನ್ನು ನೇರವಾಗಿ ವಿಎಂಗೆ ಒಪ್ಪಿಸುವ ವ್ಯವಸ್ಥೆ) ಕುರಿತ ಪ್ರತಿಯೊಂದು ಮಾರ್ಗದರ್ಶಿಯಲ್ಲಿಯೂ ಅದು ಕಡ್ಡಾಯವೆಂದು ಇದೆ. ಒಂದನ್ನು ಸರಿಪಡಿಸಲು ಹೋಗಿ ಇನ್ನೊಂದನ್ನು ಕೆಡಿಸಬೇಡಿರಿ.

ಕೆಳಮಹಡಿ ಬರೆದದ್ದು:

ಚಿತ್ರಪಟ ಅವರೇ, ಮಾರ್ಗದರ್ಶಿಗಳು ಒಂದನ್ನೊಂದು ನೋಡಿ ಬರೆದುಕೊಂಡವು. ಐಒಎಂಎಂಯು=ಪಿಟಿ ಹೇಳುವುದು ಇಷ್ಟೇ: ಹೋಸ್ಟ್ ತನಗಾಗಿ ಬಳಸುವ ಸಾಧನಗಳ ಡಿಎಂಎ (ಸಾಧನ ನೇರವಾಗಿ ಮೆಮೊರಿ ಮುಟ್ಟುವುದು) ವಿಳಾಸಗಳನ್ನು ಅನುವಾದಿಸದೆ ನೇರವಾಗಿ ಬಿಡು ಎಂದು. ಸಾಧನವನ್ನು ವಿಎಫ್‌ಐಒಗೆ ಒಪ್ಪಿಸಿದ ಕ್ಷಣ ಅದಕ್ಕೆ ಬೇರೆಯದೇ ಡೊಮೇನ್ ಸೃಷ್ಟಿಯಾಗಿ ಅನುವಾದ ಆರಂಭವಾಗುತ್ತದೆ, ಪಿಟಿ ಇದ್ದರೂ ಇಲ್ಲದಿದ್ದರೂ. ಅದು ವೇಗಕ್ಕೆಂದು ಹಾಕುವ ಆಯ್ಕೆ, ಕಡ್ಡಾಯವಲ್ಲ. ಎಸ್‌ಎನ್‌ಪಿಗೆ ಮಾತ್ರ ಅದು ವಿಷ, ಏಕೆಂದರೆ ಎಸ್‌ಎನ್‌ಪಿ ಇರುವಾಗ ಐಒಎಂಎಂಯು ಕೂಡ ಆರ್‌ಎಂಪಿಯನ್ನು ನೋಡಿಯೇ ಸಾಧನದ ಬರಹವನ್ನು ಒಳಗೆ ಬಿಡಬೇಕು, ಮತ್ತು ಅನುವಾದವಿಲ್ಲದ ನಮೂದುಗಳನ್ನು ಆ ವ್ಯವಸ್ಥೆ ಒಪ್ಪುವುದಿಲ್ಲ.

ತುಂಗಾತೀರ ಅವರಿಗೆ: ಕಾನ್ಫಿಗ್ ಕಡತವನ್ನೂ ಗ್ರಬ್‌ನಂತೆಯೇ ಹಳೆಯ ಯಂತ್ರದಿಂದ ತಂದು ಓಲ್ಡ್‌ಡೆಫ್‌ಕಾನ್ಫಿಗ್ (ಹಳೆಯ ಕಾನ್ಫಿಗ್ ಅನ್ನು ಹೊಸ ಕರ್ನೆಲ್‌ಗೆ ಹೊಂದಿಸುವ ಆದೇಶ) ಓಡಿಸಿದ್ದೀರಿ ಎಂದು ನನ್ನ ಊಹೆ. ಅದರಲ್ಲಿ ಐಒಎಂಎಂಯು_ಡಿಫಾಲ್ಟ್_ಪಾಸ್‌ಥ್ರೂ ಎಂಬ ಸಾಲನ್ನು ಹುಡುಕಿರಿ. ಅದು ವೈ ಆಗಿದ್ದರೆ ಕಮಾಂಡ್ ಲೈನ್ ಖಾಲಿಯಿದ್ದರೂ ಕರ್ನೆಲ್ ಪಾಸ್‌ಥ್ರೂ ವಿಧಾನದಲ್ಲಿಯೇ ಏಳುತ್ತದೆ.

ಚಿತ್ರಪಟ ಬರೆದದ್ದು:

ನನ್ನ ಯಂತ್ರದಲ್ಲಿ ಪಿಟಿ ತೆಗೆದಾಗ ವಿಎಂನೊಳಗಿನ ಚಿತ್ರ ತಡವರಿಸುತ್ತಿತ್ತು. ನನ್ನ ಅನುಭವವೂ ಸುಳ್ಳೆನ್ನುವಿರಾ?

ಕೆಳಮಹಡಿ ಬರೆದದ್ದು:

ಅನುಭವ ಸುಳ್ಳಲ್ಲ, ಕಾರಣ ಅದಲ್ಲ ಎನ್ನುತ್ತಿದ್ದೇನೆ. ಹೋಸ್ಟ್‌ನ ಎನ್‌ವಿಎಂಇ ಡಿಸ್ಕ್ ಅಥವಾ ನೆಟ್‌ವರ್ಕ್ ಕಾರ್ಡ್ ನಿಧಾನವಾಗಿದ್ದಿರಬಹುದು. ಇದಕ್ಕೆ ಬೇರೆ ಚರ್ಚೆ ತೆರೆಯಿರಿ, ಅಲ್ಲಿ ಮಾತನಾಡೋಣ.

ತುಂಗಾತೀರ ಬರೆದದ್ದು:

ಕೆಳಮಹಡಿ ಅವರೇ, ನೀವು ನನ್ನ ಭುಜದ ಹಿಂದೆ ನಿಂತು ನೋಡಿದಂತೆ ಬರೆದಿದ್ದೀರಿ. ಐಒಎಂಎಂಯು_ಡಿಫಾಲ್ಟ್_ಪಾಸ್‌ಥ್ರೂ ವೈ ಆಗಿಯೇ ಇತ್ತು. ಮೆನುಕಾನ್ಫಿಗ್‌ನಲ್ಲಿ ಅದೇ ಪಟ್ಟಿಯ ‘ಲೇಜಿ’ ವಿಧಾನವನ್ನು ಆರಿಸಿ, ಹನ್ನೆರಡನೆಯ ಸಲ ಕಂಪೈಲ್ ಮಾಡಿದೆ. ಈಗ ‘ವೈ’ ಬಂದಿದೆ. ಡಿಮೆಸೇಜ್‌ನಲ್ಲಿಯೂ ಎಸ್‌ಇವಿ-ಎಸ್‌ಎನ್‌ಪಿ ಎನೇಬಲ್ಡ್, ಎಎಸ್‌ಐಡಿ 1ರಿಂದ 99 ಎಂದಿದೆ. ಕ್ಯೂಎಮು 9.1ರಲ್ಲಿ ಸಾಮಾನ್ಯ ಓವಿಎಂಎಫ್ ಫರ್ಮ್‌ವೇರ್‌ನೊಂದಿಗೆ ಡೆಬಿಯನ್ ಗೆಸ್ಟ್ ಎದ್ದಿತು. ಅದರ ಲಾಗ್‌ನಲ್ಲಿ ಎಸ್‌ಇವಿ, ಎಸ್‌ಇವಿ-ಇಎಸ್, ಎಸ್‌ಇವಿ-ಎಸ್‌ಎನ್‌ಪಿ ಮೂರೂ ಸಕ್ರಿಯವಾಗಿವೆ. ಗ್ರಾಫಿಕ್ಸ್ ಕಾರ್ಡ್ ಕೂಡ ಇನ್ನೊಂದು ವಿಎಂನಲ್ಲಿ ಎಂದಿನಂತೆ ನಡೆಯುತ್ತಿದೆ.

ಮುಂದಿನ ತೊಡಕು: ಕೊಕೊನಟ್‌ನ ಐಜಿವಿಎಂ ಕಡತವನ್ನು (ವಿಎಂ ಆರಂಭವಾಗುವಾಗ ಅದರ ಮೆಮೊರಿಯಲ್ಲಿ ಇರಬೇಕಾದದ್ದರ ಕಡತ) ಕೊಟ್ಟರೆ, ಐಜಿವಿಎಂ-ಸಿಎಫ್‌ಜಿ ಎಂಬ ವಸ್ತುವೇ ತನಗೆ ಗೊತ್ತಿಲ್ಲ ಎನ್ನುತ್ತದೆ ಕ್ಯೂಎಮು.

ಹೊಸಬಳು ಬರೆದದ್ದು:

ನನ್ನದೂ ಇದೇ ಸಮಸ್ಯೆ, ಆದ್ದರಿಂದ ಇಲ್ಲಿಯೇ ಕೇಳುತ್ತಿದ್ದೇನೆ, ಕ್ಷಮಿಸಿರಿ. ಐಒಎಂಎಂಯು ಸರಿಯಿದೆ, ಆದರೆ ನನಗೆ ಮೆನುಕಾನ್ಫಿಗ್‌ನಲ್ಲಿ ಕೆವಿಎಂ_ಎಎಂಡಿ_ಎಸ್‌ಇವಿ ಎಂಬ ಆಯ್ಕೆಯೇ ಕಾಣುತ್ತಿಲ್ಲ. ಮಾಡ್ಯೂಲ್‌ಗಳ ಗೊಡವೆ ಬೇಡವೆಂದು ಕೆವಿಎಂ_ಎಎಂಡಿಯನ್ನು ಕರ್ನೆಲ್‌ನೊಳಗೇ ಸೇರಿಸಿ ಕಟ್ಟುತ್ತಿದ್ದೇನೆ.

ಕೆಳಮಹಡಿ ಬರೆದದ್ದು:

ನಿಮ್ಮದು ಇದೇ ಸಮಸ್ಯೆಯಲ್ಲ, ಆದರೆ ಉತ್ತರ ಚಿಕ್ಕದು. ಕೆವಿಎಂ_ಎಎಂಡಿ ವೈ ಆಗಿದ್ದು ಸಿಸಿಪಿ ಚಾಲಕ ಎಂ ಆಗಿದ್ದರೆ ಆ ಆಯ್ಕೆ ಮಾಯವಾಗುತ್ತದೆ. ಕರ್ನೆಲ್‌ನೊಳಗೇ ಇರುವ ಕೆವಿಎಂ ಇನ್ನೂ ಲೋಡ್ ಆಗದ ಮಾಡ್ಯೂಲ್ ಒಂದರ ಕಾರ್ಯಗಳನ್ನು ಕರೆಯಲಾಗದು, ಅದಕ್ಕೇ ಈ ಷರತ್ತು. ಎರಡನ್ನೂ ವೈ ಮಾಡಿರಿ, ಅಥವಾ ಎರಡನ್ನೂ ಎಂ ಮಾಡಿರಿ.

ಹೊಸಬಳು ಬರೆದದ್ದು:

ಎರಡನ್ನೂ ವೈ ಮಾಡಿದೆ, ಆಯ್ಕೆ ಕಾಣಿಸಿತು. ಧನ್ಯವಾದಗಳು ಸರ್.

ಮೇಲುಸ್ತರ ಬರೆದದ್ದು:

ತುಂಗಾತೀರ ಅವರೇ, ಐಜಿವಿಎಂ ಬೆಂಬಲ ಮೂಲ ಕ್ಯೂಎಮುಗೆ ಬಂದದ್ದು 10.1ರಲ್ಲಿ, ಹಾಗಾಗಿ 9.1ಕ್ಕೆ ಅದು ಗೊತ್ತಿರುವುದಿಲ್ಲ. ಅದಿರಲಿ, ನನಗೊಂದು ಮೂಲಭೂತ ಸಂದೇಹವಿದೆ. ಗೆಸ್ಟ್ ಅನ್ನು 2ರಲ್ಲಿ ಇಟ್ಟು ಎಸ್‌ವಿಎಸ್‌ಎಂ ಅನ್ನು 0ಯಲ್ಲಿ ಇಡುವುದು ತಲೆಕೆಳಗಾದ ವ್ಯವಸ್ಥೆಯಲ್ಲವೇ? ನಾನು ದಿನವೂ ಮೈಕ್ರೋಸಾಫ್ಟ್‌ನ ಹೈಪರ್-ವಿ ಹೈಪರ್‌ವೈಸರ್ (ವಿಎಂ ನಡೆಸುವ ತಂತ್ರಾಂಶ) ಮೇಲೆ ಕೆಲಸ ಮಾಡುವವನು. ಅಲ್ಲಿನ ಸ್ತರಗಳಿಗೆ ವಿಟಿಎಲ್ ಎನ್ನುತ್ತಾರೆ: ವಿಟಿಎಲ್ 0 ಎಂದರೆ ಸಾಮಾನ್ಯ ಗೆಸ್ಟ್, ವಿಟಿಎಲ್ 1 ಅದಕ್ಕಿಂತ ಸುರಕ್ಷಿತ, ಮೈಕ್ರೋಸಾಫ್ಟ್ 2024ರಲ್ಲಿ ಮುಕ್ತಗೊಳಿಸಿದ ಓಪನ್‌ಎಚ್‌ಸಿಎಲ್ (ಎಸ್‌ವಿಎಸ್‌ಎಂನಂಥದೇ ತಂತ್ರಾಂಶ) ಕುಳಿತುಕೊಳ್ಳುವುದು ವಿಟಿಎಲ್ 2ರಲ್ಲಿ. ಕರ್ನೆಲ್‌ನಲ್ಲಿ ಹೈಪರ್‌ವಿ_ವಿಟಿಎಲ್_ಮೋಡ್ ಎಂಬ ಆಯ್ಕೆ ಇದೆ, ನೀವು ಅದನ್ನು ಹಾಕಿಯೇ ಇಲ್ಲ. ಇಡೀ ಸಮಸ್ಯೆಯ ಮೂಲ ಅದೇ ಇರಬಹುದು.

ಕೆಳಮಹಡಿ ಬರೆದದ್ದು:

ಎರಡೂ ಬೇರೆ ಬೇರೆ ಮನೆಗಳು, ಮಹಡಿ ಎಣಿಸುವ ಕ್ರಮವೂ ತದ್ವಿರುದ್ಧ. ವಿಟಿಎಲ್‌ನಲ್ಲಿ ಅಂಕೆ ಏರಿದಂತೆ ಅಧಿಕಾರ ಏರುತ್ತದೆ. ವಿಎಂಪಿಎಲ್‌ನಲ್ಲಿ ಅಂಕೆ ಏರಿದಂತೆ ಅಧಿಕಾರ ಇಳಿಯುತ್ತದೆ. ವಿಎಂಪಿಎಲ್ 0ರಲ್ಲಿ ಇರುವವನೇ ಯಜಮಾನ. ಹೈಪರ್‌ವೈಸರ್ ಕೊಟ್ಟ ಪುಟವನ್ನು ಪಿವ್ಯಾಲಿಡೇಟ್ ಸೂಚನೆಯಿಂದ ಒಪ್ಪಿಕೊಳ್ಳುವ ಹಕ್ಕು ಅವನೊಬ್ಬನಿಗೇ ಇದೆ. ಆರ್‌ಎಂಪಿಅಡ್ಜಸ್ಟ್ ಸೂಚನೆಯಿಂದ ತನಗಿಂತ ಕೆಳಗಿನವರ, ಅಂದರೆ ದೊಡ್ಡ ಅಂಕೆಯವರ, ಹಕ್ಕುಗಳನ್ನು ಮಾತ್ರ ಬದಲಿಸಬಹುದು. ವಿಎಂಪಿಎಲ್ 2ರಲ್ಲಿರುವ ಗೆಸ್ಟ್ ಕರ್ನೆಲ್‌ಗೆ ಹೊಸ ಪುಟ ಬೇಕಾದಾಗ ಅದು ತಾನೇ ಪಿವ್ಯಾಲಿಡೇಟ್ ಮಾಡಲಾಗದೆ, ಎಸ್‌ವಿಎಸ್‌ಎಂನ ಬಾಗಿಲು ತಟ್ಟಿ ಮಾಡಿಸಿಕೊಳ್ಳುತ್ತದೆ. ಗೆಸ್ಟ್‌ನ ಕರ್ನೆಲ್ ಪೂರ್ತಿ ವೈರಿಯ ವಶವಾದರೂ ವಿಟಿಪಿಎಂನ ಗುಟ್ಟು ಅವನ ಕೈಗೆ ಸಿಗಬಾರದೆಂದೇ ಈ ಏರ್ಪಾಡು. ಹೈಪರ್‌ವಿ_ವಿಟಿಎಲ್_ಮೋಡ್‌ಗೂ ಕೆವಿಎಂ ಹೋಸ್ಟ್‌ಗೂ ಸಂಬಂಧವಿಲ್ಲ.

ತುಂಗಾತೀರ ಅವರು ಗಮನಿಸಬೇಕಾದದ್ದು ಬೇರೆ ಇದೆ. ಮೂಲ ಕರ್ನೆಲ್‌ಗೆ 6.11ರಲ್ಲಿ ಬಂದ ಎಸ್‌ಎನ್‌ಪಿ ಹೋಸ್ಟ್ ಬೆಂಬಲ ಗೆಸ್ಟ್ ಅನ್ನು ವಿಎಂಪಿಎಲ್ 0ರಲ್ಲಿ ಮಾತ್ರ ನಡೆಸಬಲ್ಲದು. ಒಂದೇ ವಿಸಿಪಿಯುವಿಗೆ (ವಿಎಂನ ಸಿಪಿಯು) ಹಲವು ಸ್ತರಗಳನ್ನು ಕೊಟ್ಟು, ಅವುಗಳ ನಡುವೆ ಬದಲಾಯಿಸುವ ಕೆಲಸ ನಿಮ್ಮ 6.12ರಲ್ಲಿ ಇಲ್ಲ. ಕೊಕೊನಟ್ ಯೋಜನೆಯವರದೇ ಕರ್ನೆಲ್ ಮರದ ಎಸ್‌ವಿಎಸ್‌ಎಂ ಶಾಖೆಯನ್ನು ಹೋಸ್ಟ್‌ಗೆ ಕಟ್ಟಬೇಕು, ಕ್ಯೂಎಮು ಕೂಡ ಅವರದೇ ಶಾಖೆಯದಾಗಿರಲಿ. ಈಗಿನ ಕಾನ್ಫಿಗ್ ಅನ್ನು ಅಲ್ಲಿಗೆ ಒಯ್ಯಿರಿ, ಆದರೆ ಓಲ್ಡ್‌ಡೆಫ್‌ಕಾನ್ಫಿಗ್ ಆದ ಮೇಲೆ ಐಒಎಂಎಂಯು ಸಾಲನ್ನು ಇನ್ನೊಮ್ಮೆ ಕಣ್ಣಾರೆ ನೋಡಿರಿ.

ಮೇಲುಸ್ತರ ಬರೆದದ್ದು:

ಅಂಕೆಯ ಕ್ರಮದ ವಿಷಯ ಒಪ್ಪಿದೆ. ಆದರೂ ದೊಡ್ಡ ಅಂಕೆಗೆ ದೊಡ್ಡ ಅಧಿಕಾರ ಎಂಬುದೇ ಸಹಜ ಕ್ರಮ ಎಂದು ಹೇಳದೆ ಇರಲಾರೆ.

ಹುಬ್ಬಳ್ಳಿ ರ‍್ಯಾಕ್ ಬರೆದದ್ದು:

ಎಕ್ಸ್86ನಲ್ಲಿ ರಿಂಗ್ 0 ಅಲ್ಲವೇ ಒಡೆಯ, ರಿಂಗ್ 3 ಅಲ್ಲವಲ್ಲ? ಎಎಂಡಿಯವರು ಆ ಕ್ರಮವನ್ನೇ ಹಿಡಿದಿದ್ದಾರೆ. ಎರಡೂ ಒಟ್ಟಿಗೇ ಇರುತ್ತವೆ ಎಂಬುದು ಸ್ವಾರಸ್ಯ: ವಿಎಂಪಿಎಲ್ 2ರೊಳಗೂ ರಿಂಗ್ 0 ಮತ್ತು ರಿಂಗ್ 3 ಇದ್ದೇ ಇರುತ್ತವೆ.

ತುಂಗಾತೀರ ಬರೆದದ್ದು:

ಎಸ್‌ವಿಎಸ್‌ಎಂ ಶಾಖೆಯ ಕರ್ನೆಲ್ ಮತ್ತು ಕ್ಯೂಎಮು ಎರಡನ್ನೂ ಕಟ್ಟಿದೆ. ಸೀರಿಯಲ್ ಕನ್ಸೋಲ್‌ನಲ್ಲಿ ಮೊದಲ ಬಾರಿಗೆ ಕೊಕೊನಟ್‌ನ ಸಾಲುಗಳು ಹರಿದುಬಂದವು. ಆಮೇಲೆ ಗೆಸ್ಟ್ ಫರ್ಮ್‌ವೇರ್ ಎದ್ದಿತು, ಗ್ರಬ್ ಕಾಣಿಸಿತು, ಡೆಬಿಯನ್ ಆರಿಸಿ ಎಂಟರ್ ಒತ್ತಿದೆ. ಅಷ್ಟೇ. ಒಂದಕ್ಷರವೂ ಮೂಡದೆ ವಿಎಂ ಸತ್ತಿತು. ಹೋಸ್ಟ್‌ನ ಲಾಗ್‌ನಲ್ಲಿ ಇರುವುದು ಒಂದೇ ಸಾಲು: ಎಸ್‌ಇವಿ-ಇಎಸ್ ಗೆಸ್ಟ್ ತನ್ನನ್ನು ಮುಗಿಸುವಂತೆ ಕೋರಿದೆ, 0ಎಕ್ಸ್1:0ಎಕ್ಸ್3. ಇದೇ ಡಿಸ್ಕ್, ಇದೇ ಗೆಸ್ಟ್, ಮೊನ್ನೆ ಸಾಮಾನ್ಯ ಎಸ್‌ಎನ್‌ಪಿಯಲ್ಲಿ ಚೆನ್ನಾಗಿ ನಡೆದಿತ್ತು, ಆದ್ದರಿಂದ ಗೆಸ್ಟ್‌ನಲ್ಲಿ ದೋಷವಿರಲಾರದು. ಎಸ್‌ವಿಎಸ್‌ಎಂ ಕಟ್ಟುವಾಗ ತಪ್ಪಿದೆನೇ?

ಫರ್ಮ್‌ವೇರ್ ಮೊದಲು ಬರೆದದ್ದು:

ಒಂದಕ್ಷರವೂ ಬರದೆ ಸಾಯುವುದೆಂದರೆ ಓವಿಎಂಎಫ್ ದೋಷ. ಅವರ ಶಾಖೆಯ ಇಡಿಕೆ2 (ಓವಿಎಂಎಫ್‌ನ ಮೂಲ) ಅನ್ನೇ ಕಟ್ಟಿದ್ದೀರಾ?

ತುಂಗಾತೀರ ಬರೆದದ್ದು:

ಅದನ್ನೇ ಕಟ್ಟಿದ್ದೇನೆ. ಗ್ರಬ್‌ವರೆಗೆ ಬಂದಿದೆ ಎಂದು ಬರೆದಿದ್ದೇನಲ್ಲ.

ಕೆಳಮಹಡಿ ಬರೆದದ್ದು:

ಗೆಸ್ಟ್ ಕರ್ನೆಲ್‌ನ ಆವೃತ್ತಿ ಯಾವುದು? ಈ ಬಾರಿಯೂ ಹೇಳಬೇಕಾದದ್ದನ್ನು ಬಿಟ್ಟಿದ್ದೀರಿ.

ತುಂಗಾತೀರ ಬರೆದದ್ದು:

ಡೆಬಿಯನ್ 12ರ ಜೊತೆಗೆ ಬಂದ 6.1. ವಿಎಂಪಿಎಲ್ 0ರಲ್ಲಿ ನಡೆದದ್ದರಿಂದ ಅದನ್ನು ಹೇಳುವ ಅಗತ್ಯವಿದೆ ಎನಿಸಲಿಲ್ಲ.

ಕೆಳಮಹಡಿ ಬರೆದದ್ದು:

ವಿಎಂಪಿಎಲ್ 0ರಲ್ಲಿ ನಡೆದದ್ದೇ 2ರಲ್ಲಿ ಸಾಯಲು ಕಾರಣ.

ಆ ಎರಡು ಅಂಕೆಗಳನ್ನು ಓದುವ ಕ್ರಮ ಹೀಗಿದೆ. ಮೊದಲನೆಯ 1 ಎಂದರೆ, ಈ ಮುಕ್ತಾಯದ ಕಾರಣ ಲಿನಕ್ಸ್ ಕರ್ನೆಲ್‌ನ ಸ್ವಂತ ಪಟ್ಟಿಯಿಂದ ಬಂದದ್ದು; ಅಂದರೆ ಸತ್ತದ್ದು ಎಸ್‌ವಿಎಸ್‌ಎಂ ಅಲ್ಲ, ಓವಿಎಂಎಫ್ ಅಲ್ಲ, ಗೆಸ್ಟ್‌ನ ಲಿನಕ್ಸೇ. ಎರಡನೆಯ 3 ಆ ಪಟ್ಟಿಯಲ್ಲಿ ‘ವಿಎಂಪಿಎಲ್ 0ರಲ್ಲಿ ಇಲ್ಲ’ ಎಂಬುದರ ಸಂಕೇತ. ಗೆಸ್ಟ್‌ಗೆ ಎಸ್‌ಎನ್‌ಪಿ ಬೆಂಬಲ ಬಂದದ್ದು 2022ರ 5.19ರಲ್ಲಿ. ಆಗ ಬರೆದವರು ಗೆಸ್ಟ್ ಯಾವಾಗಲೂ 0ಯಲ್ಲಿಯೇ ಇರಬೇಕೆಂದು ಭಾವಿಸಿ, ಬೂಟ್‌ನ ಆರಂಭದಲ್ಲಿಯೇ ಒಂದು ಪರೀಕ್ಷೆ ಇಟ್ಟರು: ತನ್ನದೇ ಪುಟವೊಂದರ ಮೇಲೆ ವಿಎಂಪಿಎಲ್ 1ರ ಹಕ್ಕುಗಳನ್ನು ಆರ್‌ಎಂಪಿಅಡ್ಜಸ್ಟ್‌ನಿಂದ ಬದಲಿಸಲು ಕರ್ನೆಲ್ ಯತ್ನಿಸುತ್ತದೆ. 0ಯಲ್ಲಿದ್ದರೆ ಅದು ಸಾಧ್ಯ. 2ರಲ್ಲಿ ಕುಳಿತವನು 1ರವನ ಹಕ್ಕು ಬದಲಿಸಲಾರ, ಯತ್ನ ಸೋಲುತ್ತದೆ, ಕರ್ನೆಲ್ ಅಲ್ಲಿಯೇ ಪ್ರಾಣ ಬಿಡುತ್ತದೆ. ಕನ್ಸೋಲ್ ಇನ್ನೂ ತೆರೆಯದ ಹೊತ್ತಾದ್ದರಿಂದ ನಿಮಗೆ ಒಂದಕ್ಷರವೂ ಕಾಣಲಿಲ್ಲ. ಎಸ್‌ವಿಎಸ್‌ಎಂ ಇದ್ದರೆ ಬೇರೆ ಸ್ತರದಲ್ಲಿಯೂ ನಡೆಯಬಹುದು ಎಂಬ ತಿಳಿವಳಿಕೆ ಮೂಲ ಕರ್ನೆಲ್‌ಗೆ ಬಂದದ್ದು 6.11ರಲ್ಲಿ.

ಗೆಸ್ಟ್‌ಗೆ 6.12 ಕಟ್ಟಿರಿ. ಎಎಂಡಿ_ಮೆಮ್_ಎನ್‌ಕ್ರಿಪ್ಟ್, ಎಸ್‌ಇವಿ_ಗೆಸ್ಟ್, ಅನ್‌ಆಕ್ಸೆಪ್ಟೆಡ್_ಮೆಮೊರಿ ಇರಲಿ. ಎದ್ದ ಮೇಲೆ ಸಿಸ್‌ಎಫ್‌ಎಸ್‌ನಲ್ಲಿ (ಕರ್ನೆಲ್ ತನ್ನ ಸ್ಥಿತಿಯನ್ನು ಕಡತಗಳಾಗಿ ತೋರಿಸುವ ಜಾಗ) ಸಿಪಿಯು ಕೋಶದೊಳಗೆ ಎಸ್‌ಇವಿ ಎಂಬ ಉಪಕೋಶ, ಅದರಲ್ಲಿ ವಿಎಂಪಿಎಲ್ ಎಂಬ ಕಡತ ಇರುತ್ತದೆ. ಅದನ್ನು ಓದಿ ಹೇಳಿರಿ.

ತುಂಗಾತೀರ ಬರೆದದ್ದು:

2 ಎಂದು ಬಂದಿದೆ. ಒಂದೇ ಒಂದು ಅಂಕೆ; ಅದನ್ನು ನೋಡಲು ಎಂಟು ದಿನ ಹಿಡಿಯಿತು.

ದೃಢೀಕರಣ ವರದಿಯನ್ನೂ (ಗೆಸ್ಟ್ ಎಂಥದ್ದೆಂದು ಹಾರ್ಡ್‌ವೇರ್ ಸಹಿ ಹಾಕಿ ಹೇಳುವ ದಾಖಲೆ) ಟಿಎಸ್‌ಎಂ ಎಂಬ ಕರ್ನೆಲ್ ಸೌಲಭ್ಯದ ಮೂಲಕ ತೆಗೆದು ನೋಡಿದೆ. ಪ್ರಿವ್‌ಲೆವೆಲ್_ಫ್ಲೋರ್ (ಕೋರಬಹುದಾದ ಕನಿಷ್ಠ ಅಂಕೆಯ ಸ್ತರ) 2 ಎಂದು ತೋರಿಸುತ್ತದೆ, 0 ಎಂದು ಬರೆಯಲು ಹೋದರೆ ತಿರಸ್ಕರಿಸುತ್ತದೆ. ಈಗ ಅದು ಏಕೆಂದು ನನಗೇ ಅರ್ಥವಾಗುತ್ತಿದೆ. ಫರ್ಮ್‌ವೇರ್ ಮೊದಲು ಅವರಿಗೂ ಧನ್ಯವಾದಗಳು, ಬಯಾಸ್ ಏರಿಸಿದ್ದು ವ್ಯರ್ಥವಾಗಲಿಲ್ಲ ಎಂದುಕೊಳ್ಳುತ್ತೇನೆ.

ಕೊನೆಯದೊಂದು: ಗೆಸ್ಟ್‌ನಲ್ಲಿ ಟಿಪಿಎಂ ಸಾಧನ ಕಾಣುತ್ತಿಲ್ಲ.

ಕೆಳಮಹಡಿ ಬರೆದದ್ದು:

ಎಸ್‌ವಿಎಸ್‌ಎಂನ ವಿಟಿಪಿಎಂಗೆ ಬೇಕಾದ ಚಾಲಕ, ಟಿಸಿಜಿ_ಎಸ್‌ವಿಎಸ್‌ಎಂ, ಮೂಲ ಕರ್ನೆಲ್‌ಗೆ ಸೇರಿದ್ದು 6.16ರಲ್ಲಿ. ಗೆಸ್ಟ್ ಅನ್ನು ಇನ್ನೊಮ್ಮೆ ಕಟ್ಟಬೇಕು.

ತುಂಗಾತೀರ ಬರೆದದ್ದು:

ಕಟ್ಟಿದೆ, ಸಾಧನ ಬಂದಿದೆ. ಡಿಸ್ಕ್‌ನ ಕೀಲಿಯನ್ನು ಅದರಲ್ಲಿ ಮುದ್ರೆ ಹಾಕಿ ಇಟ್ಟು, ಗೆಸ್ಟ್ ಅನ್ನು ಮುಚ್ಚಿ ತೆರೆದೆ. ಕೀಲಿ ಬಿಚ್ಚಿಕೊಳ್ಳುತ್ತಿಲ್ಲ. ಪಿಸಿಆರ್ (ಬೂಟ್‌ನ ಅಳತೆಗಳನ್ನು ದಾಖಲಿಸುವ ಟಿಪಿಎಂ ರಿಜಿಸ್ಟರ್) ಮೌಲ್ಯಗಳು ಎರಡೂ ಸಲ ಒಂದೇ ಇವೆ, ಬರೆದಿಟ್ಟುಕೊಂಡು ಹೋಲಿಸಿದ್ದೇನೆ.

ಫರ್ಮ್‌ವೇರ್ ಮೊದಲು ಬರೆದದ್ದು:

ಬಯಾಸ್‌ನಲ್ಲಿ ಎಫ್‌ಟಿಪಿಎಂ (ಫರ್ಮ್‌ವೇರ್‌ನೊಳಗಿನ ಟಿಪಿಎಂ) ನಿಷ್ಕ್ರಿಯಗೊಳಿಸಿದ್ದೀರಾ? ಅದು ಅಡ್ಡ ಬರುತ್ತಿರಬಹುದು.

ಕೆಳಮಹಡಿ ಬರೆದದ್ದು:

ಹೋಸ್ಟ್‌ನ ಎಫ್‌ಟಿಪಿಎಂಗೂ ಇದಕ್ಕೂ ಸಂಬಂಧವಿಲ್ಲ. ನೀವು ಬಳಸುತ್ತಿರುವ ಕೊಕೊನಟ್‌ನ ವಿಟಿಪಿಎಂ ಪ್ರತಿ ಬೂಟ್‌ನಲ್ಲಿಯೂ ಹೊಸದಾಗಿ ಹುಟ್ಟುತ್ತದೆ, ಕೀಲಿಗಳು ಹುಟ್ಟುವ ಗುಪ್ತ ಬೀಜಗಳೂ ಹೊಸವು. ನಿನ್ನೆಯ ಟಿಪಿಎಂ ಮುದ್ರೆ ಹಾಕಿದ ಕೀಲಿಯನ್ನು ಇಂದಿನ ಟಿಪಿಎಂ ಗುರುತಿಸುವುದಿಲ್ಲ. ಸ್ಥಿತಿಯನ್ನು ಉಳಿಸಿಡಬೇಕೆಂದರೆ ಅದನ್ನು ಹೋಸ್ಟ್‌ನ ಡಿಸ್ಕ್‌ನಲ್ಲಿಯೇ ಇಡಬೇಕು, ಆದರೆ ಹೋಸ್ಟ್ ಅನ್ನು ನಂಬಬಾರದು ಎಂಬುದೇ ಈ ಇಡೀ ವ್ಯವಸ್ಥೆಯ ಬುನಾದಿ. ಹಾಗಾಗಿ ಆ ಸ್ಥಿತಿಗೆ ಬೀಗ ಹಾಕುವ ಕೀಲಿಯನ್ನು ದೃಢೀಕರಣ ವರದಿ ನೋಡಿ ಕೊಡುವ ಬೇರೊಂದು ಸರ್ವರ್ ಬೇಕಾಗುತ್ತದೆ. ಸದ್ಯಕ್ಕೆ ಡಿಸ್ಕ್‌ನ ಕೀಲಿಯನ್ನೇ ಅಂಥ ಸರ್ವರ್‌ನಿಂದ ನೇರವಾಗಿ ತರಿಸಿಕೊಳ್ಳುವುದು ವಾಸಿ.

ತುಂಗಾತೀರ ಬರೆದದ್ದು:

ಅಂದರೆ ನನಗೆ ಇನ್ನೊಂದು ಯಂತ್ರ ಬೇಕು.

ಹುಬ್ಬಳ್ಳಿ ರ‍್ಯಾಕ್ ಬರೆದದ್ದು:

ನಮ್ಮ ಮಿಲಾನ್ ಯಂತ್ರ ರಾತ್ರಿ ಹೊತ್ತು ಖಾಲಿಯೇ ಇರುತ್ತದೆ. ಖಾಸಗಿ ಸಂದೇಶ ಕಳುಹಿಸಿರಿ.

ಚಿತ್ರಪಟ ಬರೆದದ್ದು:

ಐಒಎಂಎಂಯು=ಪಿಟಿ ಕುರಿತು ಬೇರೆ ಚರ್ಚೆ ತೆರೆದಿದ್ದೇನೆ. ಕೆಳಮಹಡಿ ಅವರು ಅಲ್ಲಿಗೆ ಬರಬೇಕಾಗಿ ವಿನಂತಿ. ಈ ಬಾರಿ ಅಳತೆ ಮಾಡಿಯೇ ತಂದಿದ್ದೇನೆ.